ಯಾರದೋ ಕಣ್ಣಿಗಾಗಿ

ಟೈಲರಮ್ಮನ ಎರಡೂ ಕಣ್ಣುಗಳಿಗೆ ಬಿಳಿ ಮಂಜು ಕವಿದು ವರ್ಷವಾಗುತ್ತ ಬಂದಿತ್ತು. ಕಣ್ಣಿನ ಮುಂದಿರುವ ಗಾಜಿನಂಥ ಪೊರೆ, ಕಾರ್ನಿಯಾ, ಕೆಟ್ಟಿದೆ, ಸತ್ತವರು ದಾನ ಮಾಡಿದ ಪೊರೆ ಸಿಕ್ಕರೆ ಹೊಲಿದು ಕೂಡಿಸಬಹುದು ಎಂದು ಡಾಕ್ಟರ್ ಹೇಳಿ, ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದರು. ಹೊಲಿಯುವ ಮಾತು ಕೇಳಿಯೇ ಅವಳಿಗೆ ಅರ್ಧ ಧೈರ್ಯ ಬಂದಿತ್ತು.

ಅಂಗಡಿಯನ್ನು ಅವಳು ಮುಚ್ಚಲಿಲ್ಲ. ತಂಗಿ ಬಟ್ಟೆ ಕತ್ತರಿಸಿ, ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಳು. ಇವಳು ಬೆರಳಿನಿಂದಲೇ ಅಂಚು ಹುಡುಕಿ ಮಿಷನ್ ತುಳಿಯುತ್ತಿದ್ದಳು. ಒಮ್ಮೆ ಶರ್ಟಿನ ಒಂದು ತೋಳು ಒಳಮೈ ಹೊರಗಾಗಿ ಕೂತುಬಿಟ್ಟಿತು. "ಇದೇನು ಹೊಸ ಫ್ಯಾಷನ್ನಾ ಅಮ್ಮ?" ಎಂದ ಗಿರಾಕಿ. "ಹೌದು, ನೀವೇ ಮೊದಲನೆಯವರು" ಎಂದು ನಕ್ಕಳು. ಆತ ಹೋದ ಮೇಲೆ ಹೊಲಿಗೆ ಬಿಚ್ಚುತ್ತ ಅತ್ತಳು.

ಪ್ರತಿ ಭಾನುವಾರ ಚರ್ಚಿನಲ್ಲಿ ಅವಳಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. "ಕರ್ತನೇ, ಈ ಸಹೋದರಿಗೆ ಆದಷ್ಟು ಬೇಗ ಕಣ್ಣು ಸಿಗಲಿ" ಎಂದು ಪಾಸ್ಟರ್ ಹೇಳಿದರೆ ಇಡೀ ಸಭೆ ಆಮೆನ್ ಎನ್ನುತ್ತಿತ್ತು. ಮೊದಮೊದಲು ಅವಳ ದನಿಯೇ ಎಲ್ಲರಿಗಿಂತ ಜೋರು. ಒಂದು ಭಾನುವಾರ ಅವಳು ಆಮೆನ್ ಎನ್ನಲಿಲ್ಲ. ಬೇಗ ಎಂದರೇನು? ಯಾರೋ ಒಬ್ಬರು ಬೇಗ ಸಾಯಲಿ ಎಂದಲ್ಲವೇ?

ಆರಾಧನೆ ಮುಗಿದ ಮೇಲೆ ಪಾಸ್ಟರನ್ನು ಕೇಳಿದಳು. "ನಾನು ಏನಂತ ಬೇಡ್ಕೊಳ್ಳಲಿ, ಪಾಸ್ಟರ್?"

"ನೀವು ಬೇಡ್ಕೊಂಡ್ರಿ ಅಂತ ಯಾರೂ ಸಾಯಲ್ಲಮ್ಮ."

"ಹಾಗಾದ್ರೆ ನಾನು ಬೇಡ್ಕೊಳ್ಳೋದ್ರಿಂದ ಏನೂ ಆಗಲ್ವಾ?"

ಪಾಸ್ಟರ್ ಕನ್ನಡಕ ತೆಗೆದು ಒರೆಸಿದರು. "ಸಮಾಧಾನವಾಗಿ ಕಾಯಿರಿ ಅಮ್ಮ. ಕಾಯೋದೂ ಪ್ರಾರ್ಥನೆನೇ."

ಅಂದಿನಿಂದ ಅಂಗಡಿ ತೆರೆಯುವ ಮುನ್ನ ಮಿಷನ್ನಿನ ಮೇಲೆ ಕೈಯಿಟ್ಟು ಸುಮ್ಮನೆ ಕೂರತೊಡಗಿದಳು. ಐದು ನಿಮಿಷ ಮನಸ್ಸು ತಿಳಿಯಾಗಿರುತ್ತಿತ್ತು. ಫೋನ್ ಬಡಿದುಕೊಂಡರೆ ಆಸ್ಪತ್ರೆಯವರೇ ಇರಬೇಕೆಂದು ತಡಕಾಡಿ ಎತ್ತುತ್ತಿದ್ದಳು. ಆ ಕಡೆ ಯಾರೋ ಪ್ಯಾಂಟು ರೆಡಿಯಾಯಿತೇ ಎಂದು ಕೇಳುವವರು. ಕೆಲವು ದಿನ ಏನೂ ಅನಿಸುತ್ತಿರಲಿಲ್ಲ. ಅದು ತಾಳ್ಮೆಯೋ, ಆಸೆಯೇ ಸತ್ತುಹೋಗಿದೆಯೋ, ಅವಳಿಗೆ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಆಸ್ಪತ್ರೆಯಿಂದಲೇ ಕರೆ ಬಂತು. ಏನೂ ತಿನ್ನದೆ ಕೂಡಲೇ ಬನ್ನಿ ಎಂದರು. ಅಕ್ಕತಂಗಿಯರು ಬಸ್ಸು ಹಿಡಿದು ಓಡಿದರು. ನರ್ಸು ರಕ್ತ ತೆಗೆದು, ಕಣ್ಣಿಗೆ ಹನಿ ಹಾಕಿ, ಕಾರಿಡಾರಿನ ಬೆಂಚಿನಲ್ಲಿ ಕೂರಿಸಿದಳು. ತಂಗಿ ಕಾಗದಗಳಿಗೆ ಸಹಿ ಮಾಡಿಸಲು ಹೋದಳು.

ಪಕ್ಕದಲ್ಲಿ ಯಾರೋ ಹೆಂಗಸು ಬಿಕ್ಕುತ್ತಿದ್ದಳು.

"ಏನಾಯ್ತಮ್ಮ?" ಟೈಲರಮ್ಮ ಕೇಳಿದಳು.

"ನಮ್ಮತ್ತೆ ಹೋಗ್ಬಿಟ್ರು. ನಿನ್ನೆ ಸಂಜೆ. ಹದಿನೆಂಟು ವರ್ಷ ಜಗಳ ಆಡಿದ್ವಿ. ಇನ್ನು ಯಾರ ಜೊತೆ ಆಡ್ಲಿ?"

ಅವರ ಕಣ್ಣು ಕೊಟ್ಟಿರಾ ಎಂಬ ಮಾತು ಟೈಲರಮ್ಮನ ನಾಲಗೆಯ ತುದಿಗೆ ಬಂದು ಹಿಂದೆ ಹೋಯಿತು.

"ನೀವ್ಯಾಕೆ ಬಂದಿದ್ದೀರಾ?" ಎಂದಳು ಆ ಹೆಂಗಸು.

"ಕಣ್ಣು ತೋರಿಸೋಕೆ."

ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ತಡವರಿಸಿ ಆ ಹೆಂಗಸಿನ ಕೈ ಹುಡುಕಿ ಹಿಡಿದುಕೊಂಡಳು. ತನ್ನ ವಿಷಯ ಒಂದು ಮಾತೂ ಎತ್ತದೆ, ಮನಸ್ಸಿನಲ್ಲೇ ಆ ಸೊಸೆಗಾಗಿ ಬೇಡಿಕೊಂಡಳು. ಎಷ್ಟೋ ತಿಂಗಳ ಮೇಲೆ ಪ್ರಾರ್ಥನೆ ಸಲೀಸಾಗಿ ಬಂತು.

ಮಧ್ಯಾಹ್ನ ಡಾಕ್ಟರೇ ಬಂದು ಹೇಳಿದರು: ದಾನವಾಗಿ ಬಂದ ಪೊರೆ ಪರೀಕ್ಷೆಯಲ್ಲಿ ಸರಿ ಬರಲಿಲ್ಲ, ಇವತ್ತು ಆಗುವುದಿಲ್ಲ. ತಂಗಿ ಸಿಟ್ಟಾದಳು. "ಇದೇನು ಮಕ್ಕಳಾಟನಾ ಸರ್?" ಟೈಲರಮ್ಮ ಅವಳ ಸೆರಗು ಎಳೆದು ಕೂರಿಸಿದಳು.

ಬಸ್ಸಿನಲ್ಲಿ ತಂಗಿ ಮೆಲ್ಲಗೆ ಕೇಳಿದಳು. "ಬೇಜಾರಾಯ್ತಾ ಅಕ್ಕ?"

"ಗೊತ್ತಾಗ್ತಾ ಇಲ್ಲ ಕಣೆ. ಹಗುರಾನೂ ಆಗಿದೆ, ಅಳೂ ಬರ್ತಿದೆ. ಮೊದಲು ಏನಾದ್ರೂ ತಿನ್ನೋಣ."

ಏಳು ವಾರದ ಮೇಲೆ ಮತ್ತೆ ಕರೆ ಬಂತು. ಈ ಸಲ ಬಲಗಣ್ಣಿಗೆ ಪೊರೆ ಕೂತಿತು. ಯಾರದೆಂದು ಹೇಳುವ ರೂಢಿ ಆಸ್ಪತ್ರೆಯಲ್ಲಿರಲಿಲ್ಲ. ಮಂಜು ನಿಧಾನವಾಗಿ ಕರಗಿ, ಮೊದಲು ಬಣ್ಣ, ಆಮೇಲೆ ತಂಗಿಯ ಮುಖ ಕಂಡಿತು. ತಂಗಿಯ ತಲೆಯಲ್ಲಿ ಬಿಳಿಕೂದಲು ಬಂದಿತ್ತು. ಅದು ಯಾವಾಗ ಬಂತು ಎಂದು ಕೇಳಲು ಅವಳಿಗೆ ಸಂಕೋಚವಾಯಿತು. ಎಡಗಣ್ಣಿಗಾಗಿ ಹೆಸರು ಇನ್ನೂ ಪಟ್ಟಿಯಲ್ಲೇ ಇತ್ತು.

ಒಂದು ಭಾನುವಾರ ಪಾಸ್ಟರ್ ಅವಳನ್ನು ದೇವರ ಉಪಕಾರದ ಬಗ್ಗೆ ಸಭೆಯ ಮುಂದೆ ಸಾಕ್ಷಿ ಹೇಳಲು ಕರೆದರು. ಅವಳು ಎದ್ದು ನಿಂತಳು. ಎಲ್ಲರ ಮುಖವೂ ಕಾಣುತ್ತಿದ್ದುದರಿಂದ ಮಾತು ಇನ್ನೂ ಕಷ್ಟವಾಯಿತು.

"ತಾಳ್ಮೆಯಿಂದ ಕಾದೆ ಅಂದ್ರೆ ಸುಳ್ಳಾಗುತ್ತೆ. ಕೆಲವು ದಿನ ಸಮಾಧಾನ ಇತ್ತು. ಅದು ನಾನು ಮಾಡ್ಕೊಂಡಿದ್ದಲ್ಲ, ದೇವರು ಕೊಟ್ಟಿದ್ದು. ಮಿಕ್ಕ ದಿನ ಒದ್ದಾಡಿದೆ. ಈಗ್ಲೂ ನನಗೆ ಪೂರ್ತಿ ಅರ್ಥ ಆಗಿಲ್ಲ. ನನಗೆ ಕಣ್ಣು ಬಂತು, ಯಾರದೋ ಮನೆಯಲ್ಲಿ ಅಳ್ತಾ ಇರ್ತಾರೆ. ಇವತ್ತು ಅವರಿಗೋಸ್ಕರ ಪ್ರಾರ್ಥನೆ ಮಾಡೋಣ."

"ಅವರ ಹೆಸರೇನಮ್ಮ?" ಪಾಸ್ಟರ್ ಅಭ್ಯಾಸಬಲದಿಂದ ಕೇಳಿದರು.

"ಗೊತ್ತಿಲ್ಲ ಪಾಸ್ಟರ್."

ಸಭೆ ತಲೆಬಾಗಿತು. "ಕರ್ತನೇ, ಅವರ ಹೆಸರು ನಿನಗೆ ಗೊತ್ತು" ಎಂದು ಪಾಸ್ಟರ್ ಶುರುಮಾಡಿದರು. ಟೈಲರಮ್ಮ ಎಲ್ಲರಿಗಿಂತ ಮೊದಲು ಆಮೆನ್ ಎಂದಳು.