ಗುಬ್ಬಿ ಮಾದರಿ

"ದೂರ ನಿಂತ್ಕಳಮ್ಮಿ. ಫ್ಯಾನ್ ಗಾಳಿ ನಿನ್ ಕಡೆಯಿಂದಾನೇ ಬರ್ತೈತೆ."

ಹಾಗಂದವನು ಪಟ್ಟಣ ಪಂಚಾಯ್ತಿ ಆಫೀಸಿನ ಕೇಸ್‌ವರ್ಕರ್ ಲಕ್ಷ್ಮೀಕಾಂತ. ಅನ್ನಿಸಿಕೊಂಡವಳು ನಮ್ಮವ್ವ, ಹನುಮಕ್ಕ. ಬೆಳಗ್ಗೆ ಎರಡು ಸಲ ಸೋಪು ಹಚ್ಚಿ ಮೈ ತೊಳೆದುಕೊಂಡು, ಮದುವೆಗೆ ಉಡುವ ಹಸಿರು ಸೀರೆ ಉಟ್ಟುಕೊಂಡು ಬಂದಿದ್ದಳು. ಎರಡು ಹೆಜ್ಜೆ ಹಿಂದೆ ಸರಿದಳು. ಆದರೂ ಅವನು ಮೂಗಿನ ಮೇಲಿನ ಕರ್ಚೀಫು ತೆಗೆಯಲಿಲ್ಲ. ಪಕ್ಕದಲ್ಲೇ ನಾನಿದ್ದೆ. ತುಮಕೂರಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ಮಗ, ಊರಿಗೆಲ್ಲ ಅರ್ಜಿ ಬರೆದುಕೊಡುವ ಮಗ. ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ನಮ್ಮ ಕೇರಿ ಇರುವುದು ಗುಬ್ಬಿಯ ರೈಲು ಹಳಿಯ ಪಕ್ಕ. ಕೇರಿಯ ಹನ್ನೊಂದು ಹೆಂಗಸರು ಹಳೇ ಬೀದಿಗಳ ಹಿತ್ತಿಲಲ್ಲಿ ಕಕ್ಕಸು ಬಾಚುತ್ತಾರೆ. ಈ ಕೆಲಸ ಮಾಡಿಸುವುದು ಅಪರಾಧ ಎಂದು ಕಾನೂನಿದೆ, ಮಾಡಿಸುವುದು ಮಾತ್ರ ನಿಂತಿಲ್ಲ. ಮಾಡುವವರ ಹೆಸರು ಸರ್ಕಾರದ ಪಟ್ಟಿಗೆ ಸೇರಿದರೆ ಒಂದು ಕಾರ್ಡು ಬರುತ್ತದೆ, ಅದರ ಹಿಂದೆ ಬೇರೊಂದು ಕೆಲಸ ಬರುತ್ತದೆ. ಅವ್ವ ಅರ್ಜಿ ಹಾಕಿದ್ದು ಆ ಪಟ್ಟಿಗೆ.

ಲಕ್ಷ್ಮೀಕಾಂತ ಒಂದು ಜೆರಾಕ್ಸ್ ಕಟ್ಟನ್ನು ನನ್ನ ಕಡೆ ಎಸೆದ. "ಓದ್ಕಳಯ್ಯ. ಇಂಟರ್‌ನ್ಯಾಷನಲ್ ಜರ್ನಲ್ ಇದು. ಗುಬ್ಬೀಲಿ ಈ ಕೆಲ್ಸ ಮಾಡೋರು ಒಬ್ರೂ ಇಲ್ಲ ಅಂತ ಪ್ರೊಫೆಸರು ಸರ್ವೆ ಮಾಡಿ ಬರ್ದವ್ರೆ. ಬೆಂಗಳೂರಿನ ಸರ್ಕಾರಿ ಕಮಿಟಿನೇ ಒಪ್ಕಂಡೈತೆ. ಗುಬ್ಬಿ ಮಾದರಿ ಅಂತ ಹೆಸ್ರು ಬೇರೆ ಇಟ್ಟವ್ರೆ. ಕುಣಿಗಲ್ಲಲ್ಲಿ ಆರು ಜನ ಅಂತ ಐತೆ, ಆರು ಕಾರ್ಡ್ ಕೊಟ್ಟಾಯ್ತು. ಇಲ್ಲಿ ಸೊನ್ನೆ. ಸೊನ್ನೆಗೆ ಕಾರ್ಡ್ ಎಲ್ಲಿಂದ ತರ್ಲಿ?"

"ಸೊನ್ನೆ ಹೆಂಗಾಯ್ತದೆ ಸಾಮಿ? ನಾನು ನಿಂತಿದೀನಲ್ಲ ಇಲ್ಲಿ," ಅಂದಳು ಅವ್ವ.

"ನೀನು ನಿಂತ್ಕಂಡ್ರೆ ಆಗೋಯ್ತಾ? ರೆಕಾರ್ಡ್ ಬೇಕಲ್ಲಮ್ಮಿ."

"ಸೋಮ್ವಾರ ನಿಮ್ಮ ಹಿತ್ಲಲ್ಲೇ ಬಾಚಿದ್ನಲ್ಲ. ಮ್ಯಾಲಿಂದ ನೀವೇ ನೀರ್ ಹುಯ್ದ್ರಿ."

ಅಕ್ಕಪಕ್ಕದ ಟೇಬಲ್ಲಿನವರು ತಲೆ ಎತ್ತಿದರು. ಲಕ್ಷ್ಮೀಕಾಂತನ ಕಿವಿ ಕೆಂಪಗಾಯಿತು. "ಆಚೆಗ್ ನಡಿ! ಕೊಬ್ಬು ನೋಡು ಮುಂಡೇದಕ್ಕೆ. ಆ ಪ್ರೊಫೆಸರ್ ಕೈಲೇ ತಪ್ಪಾಗೈತೆ ಅಂತ ಬರಸ್ಕಂಡ್ ಬಾ, ಆಮೇಲೆ ಮಾತಾಡು. ಶುಕ್ರವಾರ ಪಟ್ಟಿ ಮೇಲಕ್ಕೆ ಹೋಯ್ತದೆ."

ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಜೆರಾಕ್ಸ್ ತಿರುವಿ ಹಾಕಿದೆ. ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು: ಕ್ಷೇತ್ರಕಾರ್ಯ, ಗುಬ್ಬಿ, ತಿಮ್ಮೇಶ್ ಸಿ. ಅದು ನಾನೇ. ಅವ್ವನಿಗೆ ಓದಲು ಬರುವುದಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಹಾಳೆಯನ್ನು ಮಡಿಚಿ ಜೇಬಿಗೆ ತುರುಕಿಕೊಂಡೆ. ಬರೆದವರು ನಮ್ಮ ಮೇಷ್ಟ್ರು ಎಂದಷ್ಟೇ ಅವಳಿಗೆ ಹೇಳಿದೆ.

ಹೋದ ವರ್ಷದ ಮಾತು. ನನ್ನ ಗೈಡು ವೀರಭದ್ರಯ್ಯನವರ ಪ್ರಾಜೆಕ್ಟು. ಮನೆಮನೆಗೆ ಹೋಗಿ ಫಾರಂ ತುಂಬುವ ಕೆಲಸ, ಕುಣಿಗಲ್ ಮೋನಿಕಾಗೆ, ಗುಬ್ಬಿ ನನಗೆ. ಮೋನಿಕಾ ನನ್ನ ಜೊತೆಯವಳು, ತೋಟ ತುಡಿಕೆ ಇರುವ ಮನೆಯ ಹುಡುಗಿ, ಒಳ್ಳೆಯವಳು. ಮೊದಲ ದಿನ ಫಾರಂ ತುಂಬುವುದನ್ನು ಕಲಿಯಲು ನನ್ನ ಜೊತೆ ಗುಬ್ಬಿಗೆ ಬಂದಳು. ಕೇರಿಯ ಮೊದಲನೇ ಮನೆ ನಮ್ಮದು. ನಾನೆಲ್ಲಿಯವನೆಂದು ಅವಳಿಗೆ ಹೇಳಿರಲಿಲ್ಲ, ಕ್ಯಾತ್ಸಂದ್ರದ ಹಾಸ್ಟೆಲ್ಲಿನವನು ಎಂದಷ್ಟೇ ಅವಳಿಗೆ ಗೊತ್ತು. ಅವ್ವ ಬಾಗಿಲಿಗೆ ಬಂದಳು. ನನ್ನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ಮಗ ಎಂದು ಕರೆಯಲಿಲ್ಲ.

"ಇವ್ರು ಗೊತ್ತಾ ನಿಂಗೆ?" ಎಂದು ಮೋನಿಕಾ ಕೇಳಿದಳು.

"ನೋಡಿದೀನಿ," ಅಂದೆ.

ನನ್ನ ನಾಲಿಗೆ ಸೇದಿಹೋಗಬಾರದಿತ್ತೆ! ಹೆತ್ತವಳನ್ನು ಎದುರಿಗೆ ನಿಲ್ಲಿಸಿಕೊಂಡು ನೋಡಿದೀನಿ ಅಂದೆ. ಆಮೇಲೆ ಫಾರಂ ಹಿಡಿದು ಪುಸ್ತಕದ ಕನ್ನಡದಲ್ಲಿ ಒಂದೊಂದೇ ಪ್ರಶ್ನೆ ಕೇಳಿದೆ. ಕುಟುಂಬದ ಸದಸ್ಯರು ಎಷ್ಟು, ಕುಡಿಯುವ ನೀರು ಎಲ್ಲಿಂದ, ದನಕರು ಕೋಳಿ ಎಷ್ಟು. ಉದ್ಯೋಗದ ಕಾಲಂ ಬಂದಾಗ ತಲೆ ಎತ್ತಲಿಲ್ಲ. ಕೇಳದೆಯೇ ಮನೆಗೆಲಸ ಎಂದು ಬರೆದು ಪುಟ ತಿರುವಿದೆ.

ಒಂದು ಮನೆಗೆ ಸುಳ್ಳು ಬರೆದ ಮೇಲೆ ಪಕ್ಕದ ಮನೆಗೆ ನಿಜ ಬರೆಯುವುದು ಹೇಗೆ? ಕೇರಿಯ ಕಸುಬು ಹೊರಬಿದ್ದರೆ ನಾಳೆ ನಾನು ಯಾವ ಕೇರಿ ಎಂಬುದೂ ಹೊರಬೀಳುತ್ತದೆ. ಮೋನಿಕಾ ಕುಣಿಗಲ್ಲಿಗೆ ಹೋಗಿ ಬಿಸಿಲಲ್ಲಿ ಸುತ್ತಿ ನಿಜ ಬರೆದಳು. ಉಳಿದ ಮೂವತ್ತೇಳು ಫಾರಮನ್ನು ನಾನು ಕ್ಯಾತ್ಸಂದ್ರದ ಒಂದು ಹೋಟೆಲಿನಲ್ಲಿ ಕೂತು ತುಂಬಿದೆ. ಎಲ್ಲರೂ ಮನೆಗೆಲಸ, ಎಲ್ಲರೂ ಕೂಲಿ. ಆ ಸೊನ್ನೆಯನ್ನು ನೋಡಿ ವೀರಭದ್ರಯ್ಯನವರು ಕುಣಿದಾಡಿಬಿಟ್ಟರು. ಜನರ ಮನೋಭಾವ ಹೇಗೆ ಬದಲಾಯಿತು, ಉಳಿದ ಊರುಗಳು ಗುಬ್ಬಿಯಿಂದ ಏನು ಕಲಿಯಬೇಕು ಎಂದು ಇಪ್ಪತ್ತೆರಡು ಪುಟ ಬರೆದರು. ನಾನೇ ಪ್ರೂಫ್ ನೋಡಿಕೊಟ್ಟೆ.

ಲಕ್ಷ್ಮೀಕಾಂತ ಬೈದು ಕಳಿಸಿದ ಮಾರನೇ ದಿನ ತುಮಕೂರಿಗೆ ಹೋಗಿ ವೀರಭದ್ರಯ್ಯನವರ ಮುಂದೆ ನಿಂತೆ.

"ಸರ್, ಗುಬ್ಬಿ ಡೇಟಾ ಸುಳ್ಳು ಸರ್. ಜರ್ನಲ್ಲಿಗೆ ಒಂದು ತಿದ್ದುಪಡಿ ಕಳಿಸ್ಬೇಕು."

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಕೂತ್ಕೋ. ಯಾರ ಹತ್ರನಾದ್ರೂ ಹೇಳಿದೀಯಾ?"

"ಇಲ್ಲ ಸರ್."

"ಹೇಳ್ಬೇಡ. ಇಬ್ರು ದೊಡ್ಡ ವಿದ್ವಾಂಸರು ಓದಿ, ಒಪ್ಪಿ, ಆಮೇಲೆ ಪ್ರಕಟ ಆಗಿರೋದು ಅದು. ಸುಳ್ಳು ಹೇಗಾಗತ್ತೆ?"

"ಅವ್ರು ಗುಬ್ಬಿ ನೋಡಿದಾರಾ ಸರ್?"

"ಗುಬ್ಬಿ ಯಾಕಯ್ಯ ನೋಡ್ಬೇಕು? ಅವ್ರು ಮೆಥಡಾಲಜಿ ನೋಡ್ತಾರೆ." ಕನ್ನಡಕ ತೆಗೆದು ಒರೆಸಿಕೊಂಡರು. ಹಣೆಯ ವಿಭೂತಿ ಬೆವರಿಗೆ ಕದಡಿತ್ತು. "ನೋಡು ತಿಮ್ಮೇಶ್, ಇದನ್ನ ವಾಪಸ್ ತಗೊಂಡ್ರೆ ನನ್ನ ಪ್ರಮೋಷನ್ ಹೋಗತ್ತೆ, ಕಮಿಟಿ ಮುಂದೆ ನನ್ ಮಾನ ಹೋಗತ್ತೆ. ಅಲ್ಲಿಗೇ ನಿಲ್ಲಲ್ಲ. ಫಾರಂ ಮೇಲೆ ಯಾರ ಸೈನ್ ಇದೆ ಅಂತ ಕೇಳ್ತಾರೆ. ನಿಂದು. ನಿನ್ ಪಿಎಚ್.ಡಿ. ಅವತ್ತೇ ಮುಗೀತು. ಇಷ್ಟಕ್ಕೂ ಸುಳ್ಳು ಯಾಕ್ ಬರ್ದೆ?"

ಬಾಯಿ ತೆರೆದೆ. ಅವ್ವ ಎಂಬ ಮಾತು ಗಂಟಲವರೆಗೆ ಬಂತು.

"ಜ್ವರ ಬಂದಿತ್ತು ಸರ್," ಅಂದೆ.

ಥೂ ನನ್ನ ಜನ್ಮಕ್ಕೆ. ರೈಲಿನಲ್ಲಿ ಗುಬ್ಬಿಗೆ ಬರುವಾಗ ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರವೇ ನಿಂತಿದ್ದೆ. ಪಕ್ಕದಲ್ಲಿ ಯಾರೂ ಕೂರುವುದು ಬೇಡವೆನಿಸಿತ್ತು.

ಮೂರು ಗಂಟೆಯ ಬಿಸಿಲು. ಅವ್ವ ಬಾಗಿಲ ಮುಂದೆ ಕೂತು ರಾಗಿ ಕೇರುತ್ತಿದ್ದಳು. "ಬರ್ಕೊಟ್ರಾ ನಿಮ್ ಮೇಷ್ಟ್ರು?"

"ಇಲ್ಲ ಕಣವ್ವ. ಅವ್ರು ಮಾಡಿದ್ದಲ್ಲ ಅದು. ನಾನೇ ಸುಳ್ಳು ಬರ್ದಿದ್ದೆ."

ಎಲ್ಲವನ್ನೂ ಹೇಳಿದೆ. ನೆಲ ನೋಡಿಕೊಂಡೇ ಹೇಳಿದೆ. ಮೊರದ ಸದ್ದು ನಿಂತಿತು.

"ಗೊತ್ತಿತ್ತು ಕಣ್ಲಾ ನಂಗೆ," ಅಂದಳು. "ಕೋಳಿ ಎಷ್ಟವೆ ಅಂತ ಕೇಳ್ದೆ. ನೀರು ಎಲ್ಲಿಂದ ತರ್ತೀಯಾ ಅಂತ ಕೇಳ್ದೆ. ಏನ್ ಕೆಲ್ಸ ಮಾಡ್ತೀಯಾ ಅಂತ ಮಾತ್ರ ಕೇಳ್ನಿಲ್ಲ. ಆ ಹೆಣ್ಮಗಳ ಮುಂದೆ ಮಗಂಗೆ ನಾಚ್ಕೆ ಆಯ್ತೈತೆ ಅಂತ ನಾನೂ ಸುಮ್ಕಾದೆ. ನಂಗೇನ್ ನಾಚ್ಕೆ ಇಲ್ವಾ? ನೋಡಿದೀನಿ ಅಂದ್ಯಲ್ಲ, ಅದ್ನೂ ನುಂಗ್ಕಂಡೆ." ಗಲ್ಲದಿಂದ ಬೀದಿ ತೋರಿಸಿದಳು. "ಅವ್ರದ್ದೆಲ್ಲಾ?"

"ಎಲ್ರುದೂ ಹಂಗೇ ಬರ್ದೆ."

ಮೊರವನ್ನು ಎತ್ತಿ ನನ್ನ ಮೋರೆಗೆ ಬೀಸಿದಳು. ರಾಗಿ ಬೀದಿಯವರೆಗೂ ಚೆಲ್ಲಿತು. "ಬೋಳಿಮಗ್ನೆ! ನನ್ನ ಏನಾರ ಮಾಡ್ಕ, ಹೆತ್ತಿದೀನಿ ತಡ್ಕತೀನಿ. ಆ ಮಾರಕ್ಕನ ಬಾಯಿಗ್ ಯಾಕ್ಲಾ ಮಣ್ಣಾಕ್ದೆ? ಕೈಯೆಲ್ಲಾ ಕೀವು ಸುರೀತದೆ ಅವ್ಳಿಗೆ, ತುತ್ತು ಕಲ್ಸಕ್ಕಾಗಕಿಲ್ಲ. ಬಂದು ಕೇಳಿದ್ರೆ ಅವ್ಳು ಬಾಯ್ಬುಟ್ಟು ಹೇಳ್ತಿರ್ಲಿಲ್ವಾ?"

ಹಣೆ ಉರಿಯುತ್ತಿತ್ತು, ಒಳಗೆ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು.

"ಖಾಲಿ ಫಾರಂ ಇನ್ನೂ ಐತಾ ನಿನ್ ತಾವ?"

"ಐತೆ. ಮತ್ತೆ ತುಂಬಿ, ಮೊದ್ಲಿಂದು ಸುಳ್ಳು ಅಂತ ಶುಕ್ರವಾರದೊಳ್ಗೆ ನಾನೇ ಜರ್ನಲ್ಲಿಗೆ, ಕಮಿಟಿಗೆ ಕಳಿಸ್ಬೋದು. ಅವ್ರು ಒಪ್ತಾರೋ ಇಲ್ವೋ. ನನ್ ಓದಂತೂ ಹೋಯ್ತದವ್ವ."

"ಹೋಯ್ತದಾ?"

"ಹೂಂ."

ಅವ್ವನ ಕಣ್ಣಲ್ಲಿ ನೀರು ತುಂಬಿತು. "ಅದಕ್ಕೇ ಅಲ್ವೇನ್ಲಾ ನಾನು ಬಾಚಿದ್ದು," ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬೀದಿಗೆ ಇಳಿದು ಕೂಗಿದಳು. "ಮಾರಕ್ಕಾ! ಏ ಪುಟ್ನಂಜಿ! ಎಲ್ಲಾ ಆಚೆಗ್ ಬರ್ರೇ!"

ಒಬ್ಬೊಬ್ಬರೇ ಬಾಗಿಲಿಗೆ ಬಂದರು. ಅವ್ವ ಚೆಲ್ಲಿದ ರಾಗಿಯ ನಡುವೆಯೇ ಕೂತು, "ಕೇಳು. ಒಂದೂ ಬುಡ್ದಂಗೆ ಕೇಳು," ಅಂದಳು.

ಹೆಸರು ಕೇಳಿದೆ. ವಯಸ್ಸು ಕೇಳಿದೆ. "ಉದ್ಯೋಗ?"

"ಹಂಗಂದ್ರೆ ಯಾರಿಗ್ ತಿಳೀತದೆ? ನಮ್ ಮಾತಲ್ಲಿ ಕೇಳ್ಲಾ."

"ಏನ್ ಕೆಲ್ಸ ಮಾಡ್ತೀಯವ್ವ?"

"ಊರ್ನೋರ ಹೇಲು ಬಾಚ್ತೀನಿ. ಬರಿ."

ಬರೆದೆ. ಮಾಹಿತಿ ಕೊಟ್ಟವರಿಗೂ ಬರೆದುಕೊಂಡವರಿಗೂ ಇರುವ ಸಂಬಂಧಕ್ಕೆ ಆ ಫಾರಮಿನಲ್ಲಿ ಕಾಲಂ ಇಲ್ಲ. ಸಹಿಯ ಕೆಳಗೆ ನಾನೇ ಸೇರಿಸಿದೆ.

"ಏನ್ ಬರ್ದೆ, ಓದು," ಅಂದಳು ಅವ್ವ. ಓದಿದೆ.

"ಕೇಳ್ಸ್ನಿಲ್ಲ ಕಣ್ಲಾ," ಎದುರು ಬಾಗಿಲಿಂದ ಮಾರಕ್ಕ ಅಂದಳು.

ಬೀದಿಯ ಕೊನೆಯ ಟೀ ಅಂಗಡಿಯವರು, ಬೈಕ್ ನಿಲ್ಲಿಸಿಕೊಂಡ ಇಬ್ಬರು, ಎಲ್ಲ ಈ ಕಡೆ ತಿರುಗಿದ್ದರು. ನೆಲ ಬಾಯಿಬಿಟ್ಟರೆ ಇಳಿದುಬಿಡಬೇಕು ಎನ್ನಿಸಿತು. ಎದ್ದು ನಿಂತೆ.

"ಹನುಮಕ್ಕ. ವಯಸ್ಸು ಐವತ್ತೆರಡು. ಊರಿನವರ ಹೇಲು ಬಾಚುತ್ತಾಳೆ. ಬರೆದವನು ತಿಮ್ಮೇಶ, ಇವಳ ಮಗ."

ಮಾರಕ್ಕ ಬೀದಿ ದಾಟಿ ಬಂದಳು. ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಈಗ ನಂದ್ ಬರ್ಕ," ಅಂದಳು.