ಎರಡು ತುದಿಯ ಎಣಿಕೆ

"ಪ್ಲಗ್ ಕೂತ್ಕೊಳ್ತು ಅಂದ್ರೆ ಕೆಲಸ ಮುಗೀತು" ಅನ್ನುವುದು ಭಾವನ ಮಾತು. ಇಷ್ಟು ದಡ್ಡ ಮಾತು ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ. ಇಪ್ಪತ್ತೈದು ಪಿನ್ನಿನ ಪ್ಲಗ್ ಸ್ಟುಡಿಯೋದ ಯಾವ ಪೆಟ್ಟಿಗೆಗಾದರೂ ಸಲೀಸಾಗಿ ಕೂರುತ್ತದೆ. ಒಳಗೆ ಎಂಟು ಜೋಡಿ ತಂತಿ, ಎಂಟು ಚಾನೆಲ್. ಕೆಲವರು ಒಂದನೆಯದನ್ನು ಬಲದಿಂದ ಎಣಿಸುತ್ತಾರೆ, ಕೆಲವರು ಎಡದಿಂದ. ಹೇಗೆ ಎಣಿಸಿದರೂ ಕೇಬಲ್ಲಿನ ಎರಡು ತುದಿಗೂ ಒಂದೇ ಲೆಕ್ಕ ಇರಬೇಕು.

ಅಕ್ಕನ ಹಾಡಿನ ರೆಕಾರ್ಡಿಂಗ್‌ಗೆ ಹೊಸ ಕೇಬಲ್ ಬೇಕಿತ್ತು. ಬೇಗ ಆಗಲಿ ಎಂದು ಒಂದು ತುದಿಗೆ ನಾನು ಬೆಸುಗೆ ಹಾಕಿದೆ, ಇನ್ನೊಂದಕ್ಕೆ ಭಾವ. ನಾನು ಗೋಡೆಯ ಚಾರ್ಟ್ ನೋಡಿಕೊಂಡು, ಅವರು ಮೂವತ್ತು ವರ್ಷದ ರೂಢಿಯ ಮೇಲೆ. ಮುಚ್ಚಳ ಹಾಕುವಾಗ ಅವರ ತುದಿ ನೋಡಿದೆ. ನನ್ನದರಲ್ಲಿ ಬಲಕ್ಕಿದ್ದ ಕಂದು ಜೋಡಿ ಅವರದರಲ್ಲಿ ಎಡಕ್ಕಿತ್ತು. ಒಂದು ಎಂಟಾಗಿತ್ತು, ಎಂಟು ಒಂದಾಗಿತ್ತು.

ಹೇಳಲು ಬಾಯಿ ತೆರೆದೆ. ಹಿಂದಿನ ದಿನ ವಾದ್ಯದವರೆಲ್ಲರ ಎದುರು ಅವರು, "ನಮ್ಮ ಬಾಮೈದನಿಗೆ ಕೈಗಿಂತ ಬಾಯಿ ಜೋರು" ಎಂದು ನಕ್ಕಿದ್ದು ನೆನಪಾಯಿತು. ಮೈಯೆಲ್ಲ ಉರಿದಿತ್ತು ನನಗೆ. ಉಪ್ಪು ತಿಂದವರು ನೀರು ಕುಡಿಯಲಿ ಎಂದು ಸುಮ್ಮನೆ ಸ್ಕ್ರೂ ಬಿಗಿದೆ. ತಪ್ಪು ಮೀಟರ್ ಕುಣಿಯುತ್ತದೆ, ನಾಲ್ಕು ಜನ ನಗುತ್ತಾರೆ, ಅಷ್ಟೇ ಅಂದುಕೊಂಡಿದ್ದೆ.

ಭಾವ ಒಂದನೇ ಚಾನೆಲ್‌ಗೆ ಪರೀಕ್ಷೆಯ ಟೋನ್ ಬಿಟ್ಟರು. ಒಂದನೇ ಮೀಟರ್ ಅಲುಗಲಿಲ್ಲ.

"ಎಲ್ಲಿ ಹೋಯ್ತಪ್ಪಾ ಇದು?" ಎನ್ನುತ್ತಾ ಸದ್ದು ಏರಿಸುವ ನಾಬಿಗೆ ಕೈ ಹಾಕಿದರು.

ಒಂದಕ್ಕೆ ಬಿಟ್ಟ ಟೋನ್ ಹೋಗುತ್ತಿದ್ದದ್ದು ಎಂಟಕ್ಕೆ; ಎಂಟನೆಯದು ಹೆಡ್‌ಫೋನಿನ ಚಾನೆಲ್. ಗಾಜಿನ ಆಚೆ ಅಕ್ಕ ಹೆಡ್‌ಫೋನ್ ಎತ್ತಿಕೊಂಡು, ಎಂದಿನಂತೆ ಎಡಗಿವಿಗೆ ಮಾತ್ರ ಒತ್ತಿಕೊಳ್ಳುತ್ತಿದ್ದಳು. ಭಾವನ ಕೈ ಹಿಡಿಯಬಹುದಿತ್ತು. ಹಿಡಿದಿದ್ದರೆ, ನನಗೆ ಮೊದಲೇ ಗೊತ್ತಿತ್ತು ಅನ್ನುವುದು ಎಲ್ಲರಿಗೂ ತಿಳಿಯುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಹಿಂದೆಮುಂದೆ ನೋಡಿದೆ. ಅಷ್ಟರಲ್ಲಿ ಭಾವ ನಾಬನ್ನು ಪೂರ್ತಿ ತಿರುಗಿಸಿದರು. ಅಕ್ಕ ಕುಸಿದು ಕೂತಳು. ಅವಳ ಚೀರಾಟ ಗಾಜು ದಾಟಿ ಬರಲಿಲ್ಲ.

ಎಡಗಿವಿ ಇನ್ನು ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿ ತಿಂಗಳಾಯಿತು. ಭಾವ ಕಸುಬು ಬಿಟ್ಟು ಒಳಕೋಣೆ ಸೇರಿದ್ದಾರೆ. ತನ್ನ ಕೈಯಾರೆ ಹೆಂಡತಿಯ ಕಿವಿ ಕಳೆದೆ ಎಂದು ಅನ್ನ ನೀರು ಸರಿಯಾಗಿ ಮುಟ್ಟುವುದಿಲ್ಲ.

ನಿನ್ನೆ ಅಕ್ಕನ ಪಕ್ಕ ಕೂತಿದ್ದೆ. ಅವಳು ಸೀರೆ ಮಡಿಸುತ್ತಾ ಕೇಳಿದಳು, "ಮುಚ್ಚಳ ಹಾಕಿದ್ದು ನೀನೇ ಅಲ್ವೇನೋ? ಆಗ ನಿಂಗೇನೂ ಕಾಣಿಸ್ಲಿಲ್ವಾ?"

"ಇಲ್ಲಕ್ಕಾ" ಅಂದೆ.

ನಾನು ಅವಳ ಎಡಕ್ಕೆ ಕೂತಿದ್ದೆ. ಅವಳು ಪೂರ್ತಿ ತಿರುಗಿ ಬಲಗಿವಿ ಕೊಟ್ಟಳು. "ಏನಂದೆ? ಇನ್ನೊಂದ್ಸಲ ಹೇಳು."

ಒಳಕೋಣೆಯಲ್ಲಿದ್ದ ಭಾವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಮತ್ತೆ ಅದೇ "ಇಲ್ಲ" ಹೇಳಿದೆ.