ನಡುವೆ ಎರಡು ಖಾಲಿ ಚೌಕ

ಗೋಡೆಗೆ ಒರಗಿಸಿ ಕೂರಿಸಿದ ಸಿದ್ದಬಸಪ್ಪನವರ ತಲೆ ಮತ್ತೆ ಬಲಕ್ಕೆ ವಾಲಿತು. ತಮ್ಮ ಶಿವರುದ್ರಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮಾಡಿ, ಹಣೆಗೆ ಬಿಳಿ ಪಟ್ಟಿ ಸುತ್ತಿ, ಪಟ್ಟಿಯ ತುದಿಯನ್ನು ಕ್ಯಾಲೆಂಡರ್ ತೂಗುವ ಮೊಳೆಗೆ ಬಿಗಿದ. ಸತ್ತವರನ್ನು ಕುಳಿತ ಭಂಗಿಯಲ್ಲೇ ಮಣ್ಣು ಮಾಡುವ ಜನ. ಮೈ ಸೆಟೆದುಕೊಳ್ಳುವ ಮುಂಚೆ ಈ ಕೆಲಸವೆಲ್ಲ ಮುಗಿಯಬೇಕು. ಬೆಳಿಗ್ಗೆ ಬಚ್ಚಲಿಗೆ ಹೋದವರು ಅಲ್ಲೇ ಕುಸಿದಿದ್ದರು. ಭಾನುವಾರವಾದ್ದರಿಂದ ಸುದ್ದಿ ಬೇಗ ಹಬ್ಬಿ, ಚಾಮರಾಜಪೇಟೆಯ ಆ ಸಣ್ಣ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಬಂದವರೆಲ್ಲ ಒಂದೇ ಮಾತನ್ನು ಹಿಂದೆಮುಂದೆ ಮಾಡಿ ಹೇಳಿದರು. ಬಹಳ ಮೌನಿ, ಯಾರ ತಂಟೆಗೂ ಹೋದವರಲ್ಲ, ತಾವಾಯಿತು ತಮ್ಮ ಪದಬಂಧವಾಯಿತು. ಅವೆನ್ಯೂ ರಸ್ತೆಯ ಕಾಗದದ ಅಂಗಡಿಯಲ್ಲಿ ಅವರ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತಿದ್ದ ನಂಜಪ್ಪನಿಗೂ ಅದಕ್ಕಿಂತ ಹೆಚ್ಚಿನದೇನೂ ಹೊಳೆಯಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಲೆಕ್ಕದಲ್ಲಿ ಸರ್ವಮಂಗಳಮ್ಮನ ಮನೆಯ ತುಂಬ ಬಂಗಾರವೇ ಇತ್ತು. ಒಂದು ದಿನವೂ ಅದು ಅವಳ ಉಪಯೋಗಕ್ಕೆ ಬರಲಿಲ್ಲ, ಅಷ್ಟೆ.

ಅವಳು ಗಂಡನ ಪಾದದ ಹತ್ತಿರ ಕೂತಿದ್ದಳು. ಅಯ್ಯನವರು ರೇವಣಸಿದ್ದಯ್ಯ ವಿಭೂತಿ ಗಟ್ಟಿ ತೇಯುತ್ತ, ಕಿವಿಯಲ್ಲಿ ಹೆಸರು ಹೇಳುವವರು ಯಾರು ಎಂದು ಕೇಳಿದರು.

ಅದು ಆ ಮನೆತನದ ಹಳೆಯ ರೂಢಿ. ಎತ್ತುವ ಮುಂಚೆ ಹಿರಿಯ ಮಗ ಬಗ್ಗಿ ತಂದೆಯ ಬಲಗಿವಿಯಲ್ಲಿ ತನ್ನ ಹೆಸರು ಹೇಳಬೇಕು. ಕಳಿಸಿಕೊಡಲು ಬಂದಿರುವವನು ಯಾರೆಂದು ತಿಳಿದರೆ, ಹೋಗುವವನು ಮತ್ತೆ ಹಿಂತಿರುಗಿ ನೋಡುವುದಿಲ್ಲವಂತೆ. ಮಕ್ಕಳಿಲ್ಲದವರಿಗೆ ತಮ್ಮ ಹೇಳಬಹುದು.

"ನಾನೇ ಹೇಳ್ತೀನಿ ಅಯ್ನೋರೆ" ಎಂದ ಶಿವರುದ್ರಪ್ಪ.

"ಮಗ ಇದಾನೆ" ಎಂದಳು ಸರ್ವಮಂಗಳಮ್ಮ.

ಶಿವರುದ್ರಪ್ಪ ಅತ್ತಿಗೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಕೆಟ್ಟವನಲ್ಲ ಅವನು, ಅಣ್ಣನ ಮಾತನ್ನು ಅಣ್ಣನಿಗಿಂತ ಬಿಗಿಯಾಗಿ ಹಿಡಿದುಕೊಂಡವನು.

"ಅತ್ತಿಗೆ, ಅವನ ಹೆಸರು ಈ ಮನೇಲಿ ಎತ್ತಕೂಡದು ಅಂತ ಅಣ್ಣ ಹೇಳಿದ್ದು ನಿಮಗೆ ಗೊತ್ತು. ಈಗ ಅದನ್ನೇ ತಗೊಂಡೋಗಿ ಅಣ್ಣನ ಕಿವೀಲಿ ಹೇಳಿಸ್ಲಾ? ಸತ್ತಮೇಲೆ ಅಣ್ಣನ ಮಾತು ಮುರಿಯಕ್ಕೆ ನನ್ ಕೈಲಾಗಲ್ಲ."

ಸರ್ವಮಂಗಳಮ್ಮ ತನಗೇ ಬೇರೆ ಯಾರದೋ ಎನಿಸುವ ದನಿಯಲ್ಲಿ ಹೇಳಿದಳು.

"ಅವರೇ ಮುರಿದ್ರು. ಹೋದ ಭಾನುವಾರ ಪದಬಂಧದಲ್ಲಿ ಅವನ ಹೆಸರು ಬರೆದ್ರು."

"ಬರೆದದ್ದು ಅವನ ಹೆಸರೇ ಅಂತ ನಿಮಗೆ ಹೇಗೆ ಗೊತ್ತು? ಓದಕ್ಕೆಲ್ಲಿ ಬರುತ್ತೆ ನಿಮಗೆ?"

"ಬಾಯಿಬಿಟ್ಟು ಹೇಳ್ಕೊಂಡು ಬರೆದ್ರು. ಪೇಪರ್ ಇದೆ. ತರ್ತೀನಿ."

ಮಂಡಿ ಹಿಡಿದುಕೊಂಡು ಎದ್ದು ಅವಳು ಒಳಕೋಣೆಗೆ ಹೋದಳು. ಗಂಡ ಬರೆದಿರಲಿಲ್ಲ. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು.

*

ಮುರುಗೇಶನನ್ನು ಮನೆಯಿಂದ ಕಳಿಸಿದ್ದು ಸ್ವಾತಂತ್ರ್ಯ ಬಂದ ವರ್ಷ. ಊರೆಲ್ಲ ಮಿಠಾಯಿ ಹಂಚುತ್ತಿದ್ದಾಗ ಅವನು, ಶ್ರೀರಾಂಪುರದ ಸೊಪ್ಪಿನ ವ್ಯಾಪಾರಿ ಮುನಿಗಂಗಪ್ಪನ ಮಗಳು ಸುಬ್ಬಲಕ್ಷ್ಮಿಯನ್ನು ಮದುವೆಯಾಗಿ ಬಂದು ಹೊಸಿಲ ಹೊರಗೆ ನಿಂತ. ಬೇರೆ ಜಾತಿ. ಸಿದ್ದಬಸಪ್ಪನವರು ಕೂಗಾಡಲಿಲ್ಲ. ಆ ಹೆಸರು ಇನ್ನು ಮೇಲೆ ಈ ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು ಎಂದಷ್ಟೇ ಹೇಳಿ ಬಾಗಿಲು ಹಾಕಿದರು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ಬೀದಿ ಮೂಲೆಯ ಎಣ್ಣೆ ಅಂಗಡಿಯ ಮುರುಗೇಶ ಮೊದಲಿಯಾರರು ಅವತ್ತಿನಿಂದ ಅವರ ಬಾಯಲ್ಲಿ ಬರೀ 'ಎಣ್ಣೆಯವರು' ಆಗಿಬಿಟ್ಟರು. ಪಾಪ, ಮೊದಲಿಯಾರರಿಗೆ ಇದರ ಕಾರಣ ಕೊನೆಗೂ ತಿಳಿಯಲಿಲ್ಲ.

ಮಗ ಹೋದ ಮೇಲೆ ಮನೆಯಲ್ಲಿ ಮಾತಿಗೆ ಉಳಿದದ್ದು ಭಾನುವಾರದ ಮಧ್ಯಾಹ್ನವೊಂದೇ. ಊಟವಾದ ಮೇಲೆ ಸಿದ್ದಬಸಪ್ಪನವರು ಚಾಪೆ ಹಾಸಿ, ಮಣೆಯ ಮೇಲೆ ಪತ್ರಿಕೆ ಹರಡಿ, ಅಂಗಡಿಯಿಂದ ತಂದ ಕಾಪಿ ಪೆನ್ಸಿಲನ್ನು ನಾಲಗೆಗೆ ತಾಗಿಸಿಕೊಂಡು ಕೂರುವರು. ಒಣಗಿದ್ದರೆ ಬೂದುಬಣ್ಣದಲ್ಲಿ ಮೂಡುವ ಪೆನ್ಸಿಲು ಅದು. ಎಂಜಲು ತಾಗಿದರೆ ಕಡು ನೇರಳೆ. ಸಂಜೆಯ ಹೊತ್ತಿಗೆ ಅವರ ಕೆಳತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗೆ ಆಗಿರುತ್ತಿತ್ತು. ಆ ಪದಬಂಧವೋ, ಪಂಡಿತರೂ ಬೆವರುವಂಥದ್ದು. ಪುರಾಣ, ಹಳಗನ್ನಡ, ಮರಗಿಡಗಳ ಹೆಸರು ಅವರಿಗೆ ಬರುತ್ತಿದ್ದವು. ಅಡುಗೆಮನೆಯವು ಬರುತ್ತಿರಲಿಲ್ಲ.

"ಏನೇ, ಮಜ್ಜಿಗೆ ಮಾಡೋವಾಗ ಹಗ್ಗ ಸುತ್ತಿಸಿಕೊಳ್ಳೋದು. ನಾಲ್ಕು ಅಕ್ಷರ."

"ಕಡೆಗೋಲು" ಎನ್ನುವಳು ಅವಳು.

ಅವರು ಬರೆಯುವರು. ಭೇಷ್ ಎಂದು ಎಂದೂ ಅಂದವರಲ್ಲ. ಆದರೂ ಅವಳು ವಾರವಿಡೀ ಆ ಮಧ್ಯಾಹ್ನಕ್ಕೆ ಕಾಯುತ್ತಿದ್ದಳು. ಅವರಿಗೆ ಗೊತ್ತಿಲ್ಲದ್ದು ಒಂದಿತ್ತು: ಎದುರಿಗೆ ಕೂತು ತಲೆಕೆಳಗಾದ ಸುಳಿವುಗಳನ್ನು ಅವಳು ಅವರಿಗಿಂತ ಮುಂಚೆ ಓದಿಬಿಟ್ಟಿರುತ್ತಿದ್ದಳು. ಮುರುಗೇಶ ಶಾಲೆಗೆ ಹೋಗುವ ಕಾಲದಲ್ಲಿ ತನ್ನ ಸ್ಲೇಟಿನ ಮೇಲೆ ಅಮ್ಮನಿಗೂ ಅಕ್ಷರ ಕಲಿಸಿದ್ದ. ರಂಗೋಲಿಯ ಎಳೆ ಎಳೆದು ರೂಢಿಯಾದ ಅವಳ ಕೈ ಪ್ರತಿ ಅಕ್ಷರದ ಬಾಲವನ್ನೂ ಒಳಕ್ಕೆ ಸುತ್ತಿಬಿಡುತ್ತಿತ್ತು. "ಬಾಲ ಕತ್ತರಿಸಮ್ಮ" ಎಂದು ಅವನು ಗೋಳುಹೊಯ್ದುಕೊಳ್ಳುತ್ತಿದ್ದ. ಗಂಡನಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಹೋದ ಭಾನುವಾರ ಅವರು ಒಂದು ಸುಳಿವನ್ನು ಗಟ್ಟಿಯಾಗಿ ಓದಿ, ಓದಿದ ಮೇಲೆ ಸುಮ್ಮನಾದರು. ನವಿಲನ್ನು ಏರಿದವನು, ನಾಲ್ಕು ಅಕ್ಷರ. ಮೇಲಿಂದ ಇಳಿದು ಬಂದ ಬೇರೆ ಪದಗಳ ದೆಸೆಯಿಂದ ಮೊದಲನೆಯ ಚೌಕದಲ್ಲಿ 'ಮು' ಇತ್ತು, ಕೊನೆಯದರಲ್ಲಿ 'ಶ'. ನಡುವಿನ ಎರಡು ಖಾಲಿ. ಇಂಥದು ಅವರಿಗೆ ನೀರು ಕುಡಿದಷ್ಟು ಸುಲಭ. ಅವರು ಪೆನ್ಸಿಲನ್ನು ತುಟಿಗೆ ತಾಗಿಸಿದರು, ಚೌಕದ ಮೇಲೆ ತಂದರು, ಹಾಗೇ ಹಿಡಿದರು. ಸರ್ವಮಂಗಳಮ್ಮ ಉಸಿರು ಬಿಗಿಹಿಡಿದು ನೋಡಿದಳು. ಬರೆಯಿರಿ, ಆಟಕ್ಕಾದರೂ ಬರೆಯಿರಿ, ನೋಡುವವರು ಯಾರೂ ಇಲ್ಲ ಎಂದು ಒಳಗೇ ಕೈಮುಗಿದಳು.

ಅವರು ಪತ್ರಿಕೆ ಮಡಿಸಿ, ಕಾಫಿ ತಾ ಎಂದರು. ಗೊತ್ತಿರುವ ಪದವನ್ನು ಬರೆಯದೆ ಬಿಟ್ಟದ್ದು ಅವರ ಆಯುಸ್ಸಿನಲ್ಲಿ ಅದೊಂದೇ.

*

ಒಳಕೋಣೆಯ ಪೆಟ್ಟಿಗೆಯ ಮೇಲೆ ಪತ್ರಿಕೆ ಇತ್ತು, ಪೆನ್ಸಿಲೂ ಇತ್ತು. ಹೊರಗೆ ಯಾರೋ ಕೆಮ್ಮಿದರು. ಅವಳು ನೆಲದ ಮೇಲೆ ಕೂತು ಬರೆಯಹೋದಳು, ಬೂದುಬಣ್ಣ ಬಂತು. ಉಳಿದ ಅಕ್ಷರಗಳೆಲ್ಲ ನೇರಳೆ. ಪೆನ್ಸಿಲಿನ ಮೊನೆಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ಅದರ ಮೇಲೆಯೇ ತಿದ್ದಿ, ನಡುವಿನ ಎರಡು ಚೌಕಗಳಲ್ಲಿ 'ರು' ಎಂದೂ 'ಗೇ' ಎಂದೂ ಬರೆದಳು. ಎಷ್ಟೋ ವರ್ಷದ ಮೇಲೆ ಹಿಡಿದ ಪೆನ್ಸಿಲು. ತಪ್ಪು ಮಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಮಗ ಬರುತ್ತಾನೆ ಎಂದಷ್ಟೇ ಅನ್ನಿಸಿತು.

ಶಿವರುದ್ರಪ್ಪ ಪತ್ರಿಕೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಅಯ್ಯನವರಿಗೂ ತೋರಿಸಿದ. ಅನುಮಾನ ಪಡುವುದಾದರೆ ಯಾರ ಮೇಲೆ ಪಡಬೇಕು? ಆ ಮನೆಯಲ್ಲಿ ಅಕ್ಷರ ಬರುತ್ತಿದ್ದವರು ಸತ್ತವರೊಬ್ಬರೇ ಎಂದು ಊರಿಗೆಲ್ಲ ಗೊತ್ತಿತ್ತು. ಅವನ ಕಣ್ಣಲ್ಲಿ ನೀರು ಬಂತು. ಅಣ್ಣನ ಮನಸ್ಸು ಕರಗಿದ್ದು ತನಗೆ ತಿಳಿಯದೇ ಹೋಯಿತಲ್ಲ ಎಂದು ಪೇಚಾಡಿ, ಸೈಕಲ್ ತಗೊಂಡು ಶ್ರೀರಾಂಪುರಕ್ಕೆ ಹೋಗಿ ಬಾ ಎಂದು ನಂಜಪ್ಪನನ್ನು ಓಡಿಸಿದ. ಪಕ್ಕದ ಮನೆಯ ವಿಶಾಲಾಕ್ಷಮ್ಮ ಸರ್ವಮಂಗಳಮ್ಮನ ಬೆನ್ನು ಸವರುತ್ತ, ನಿನ್ನ ಗಂಡ ದೊಡ್ಡ ಮನುಷ್ಯ ಕಣಮ್ಮ ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಮುರುಗೇಶ ಬಂದ. ನಂಜಪ್ಪ ದಾರಿಯಲ್ಲೇ ಎಲ್ಲ ಹೇಳಿಬಿಟ್ಟಿದ್ದನೆಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸಾವಿನ ಮನೆಗೆ ಬರುವವರ ಮುಖವಲ್ಲ ಅದು. ಮಿಲ್ಲಿನ ಕೆಲಸದಲ್ಲಿ ಸೊರಗಿದ್ದ ಕೆನ್ನೆಗಳ ನಡುವೆ, ಬಹುಮಾನ ತೆಗೆದುಕೊಳ್ಳಲು ಹೆಸರು ಕರೆಸಿಕೊಂಡ ಹುಡುಗನ ಕಣ್ಣುಗಳಿದ್ದವು. ತಂದೆಯ ಪಾದಕ್ಕೆ ಹಣೆ ಮುಟ್ಟಿಸಿ ಎದ್ದವನೇ ತಾಯಿಯ ಕಡೆ ತಿರುಗಿದ.

"ಎಲ್ಲಿದೆಯಮ್ಮ ಅದು? ನೋಡ್ತೀನಿ."

ಅವಳು ಮಡಿಲಲ್ಲಿದ್ದ ಪತ್ರಿಕೆಯನ್ನು ಕೊಟ್ಟಳು. ಕೊಡುವಾಗಲೂ ಅವಳಿಗೆ ಹೊಳೆಯಲಿಲ್ಲ.

ಅವನು ಬೆರಳಿಟ್ಟು ಹುಡುಕಿದ. ಬೆರಳು ನಿಂತಿತು. 'ಮು' ತಂದೆಯದು, ಕಡ್ಡಿ ನಿಲ್ಲಿಸಿದ ಹಾಗೆ ನೆಟ್ಟಗೆ. 'ಶ' ತಂದೆಯದು. ನಡುವಿನ ಎರಡಕ್ಕೆ ಬಾಲ ಒಳಕ್ಕೆ ಸುತ್ತಿಕೊಂಡಿತ್ತು. ಅವನು ಬಹಳ ಹೊತ್ತು ಕಾಗದದಿಂದ ಕಣ್ಣು ತೆಗೆಯಲಿಲ್ಲ. ತೆಗೆದಾಗ ಅಮ್ಮನ ಬಾಯಿಯ ಕಡೆ ನೋಡಿದ. ಸರ್ವಮಂಗಳಮ್ಮ ಸೆರಗನ್ನು ತುಟಿಗೆ ಒತ್ತಿಕೊಂಡಳು. ಸೆರಗಿನ ಅಂಚಿಗೆ ನೇರಳೆ ಹತ್ತಿತು.

ಆಗ ಅವಳಿಗೆ ತಾನು ಮಾಡಿದ್ದು ಏನೆಂದು ತಿಳಿಯಿತು. ಮನೆತುಂಬ ಇದ್ದ ಜನರನ್ನೆಲ್ಲ ನಂಬಿಸಿದ ಆ ಎರಡು ಅಕ್ಷರ, ಯಾರಿಗಾಗಿ ಬರೆದಳೋ ಅವನೊಬ್ಬನನ್ನು ನಂಬಿಸಲಾರವು. ಅಕ್ಷರ ಕಲಿಸಿದವನೇ ಅವನು. ಅಪ್ಪ ಒಂಟಿಯಾಗಿದ್ದಾಗ ತನ್ನ ಹೆಸರು ಅಂದುಕೊಂಡಿರಬಹುದು ಎಂದು ಇಷ್ಟು ವರ್ಷ ಅವನು ಎಲ್ಲೋ ಒಂದು ಮೂಲೆಯಲ್ಲಿ ಇಟ್ಟುಕೊಂಡಿದ್ದರೆ, ಅದನ್ನೂ ಇವತ್ತು ಅವಳೇ ಕಿತ್ತುಕೊಂಡಿದ್ದಳು. ಹೆಸರು ಕಣ್ಣೆದುರಿಗೆ ಇತ್ತು, ಪೆನ್ಸಿಲು ಕೈಯಲ್ಲಿತ್ತು, ಅಪ್ಪ ಬರೆಯಲಿಲ್ಲ. ಇನ್ನು ಅವನಿಗೆ ಅದಷ್ಟೇ ಗೊತ್ತಿರುತ್ತದೆ. ಕರೆಸದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವಳು ಆ ದಿನ ಮೊದಲ ಸಲ ಅತ್ತಳು. ಹೆಂಗಸರು ಗಂಡನಿಗಾಗಿ ಅಳುತ್ತಿದ್ದಾಳೆ ಎಂದುಕೊಂಡು ಹತ್ತಿರ ಸರಿದರು.

"ಅಣ್ಣಂದೇ ಅಕ್ಷರ ಅಲ್ವೇನಪ್ಪ?" ಶಿವರುದ್ರಪ್ಪ ಅವನ ಭುಜದ ಮೇಲೆ ಕೈ ಇಟ್ಟು ಕೇಳಿದ. ಅನುಮಾನದಿಂದಲ್ಲ, ಪ್ರೀತಿಯಿಂದ.

ಮುರುಗೇಶ ಪತ್ರಿಕೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ತಾಯಿಯ ಮಡಿಲಿಗೆ ಇಟ್ಟ.

"ಹೂಂ ಚಿಕ್ಕಪ್ಪ. ಅಪ್ಪಂದೇ."

ರೇವಣಸಿದ್ದಯ್ಯ ಅವನ ಹಣೆಗೆ ವಿಭೂತಿ ಹಚ್ಚಿ, ಹೊತ್ತಾಯಿತು, ಹೆಸರು ಹೇಳಪ್ಪ ಎಂದರು. ಬೀದಿಯಲ್ಲಿ ಭಜನೆಯವರ ತಾಳ ನಿಂತಿತು. ಗಂಡಸರು ರುಮಾಲು ತೆಗೆದು ತಲೆ ತಗ್ಗಿಸಿದರು. ಹೆಂಗಸರು ಕಣ್ಣು ಮುಚ್ಚಿದರು. ತಂದೆ ಮಗನ ಆ ಗಳಿಗೆಯನ್ನು ಬೇರೆಯವರು ನೋಡಬಾರದು ಎಂಬುದೂ ರೂಢಿಯೇ. ಸರ್ವಮಂಗಳಮ್ಮ ಕಣ್ಣು ಮುಚ್ಚಲಿಲ್ಲ.

ಮುರುಗೇಶ ಮಂಡಿಯೂರಿ, ಗೋಡೆಗೆ ಒಂದು ಕೈ ಊರಿ, ತಂದೆಯ ಬಲಗಿವಿಗೆ ಬಾಯಿ ತಂದ. ಅವನ ಉಸಿರಿಗೆ ಕಿವಿಯ ಮೇಲಿನ ನರೆಗೂದಲು ಅಲುಗಿತು. ಅವನ ತುಟಿಗಳು ಅಲುಗಲಿಲ್ಲ. ಒಂದರ ಮೇಲೊಂದು ಬಿಗಿದುಕೊಂಡೇ ಇದ್ದವು. ಒಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನು ಹಾಗೆಯೇ ಇದ್ದು ಎದ್ದ.

"ಹೇಳಿದ್ಯೇನಪ್ಪ?" ಎಂದರು ಅಯ್ಯನವರು.

"ಹೇಳ್ದೆ" ಎಂದು ಮುರುಗೇಶ, ಹೆಗಲ ಮೇಲೆ ಟವೆಲ್ ಮಡಿಸಿ ಹಾಕಿಕೊಂಡು ಎತ್ತುವುದಕ್ಕೆ ಬಗ್ಗಿದ.